ಗಡಿ ದಾಟುವ ನೀರಿಗೆ ಕಾವಲು: ಮೀಟರಿನ ಮುಖ ತೊಳೆಯುವವರು ಯಾರು?

ಜಹೀರಾಬಾದ್: ಕೊಹೀರ್ ಹತ್ತಿರ ಹುಟ್ಟುವ ಕಾರಂಜಾ ನದಿ ಬೀದರ್ ಜಿಲ್ಲೆಗೆ ಇಳಿದು, ಬ್ಯಾಲಹಳ್ಳಿಯಲ್ಲಿ ಜಲಾಶಯವಾಗಿ ನಿಂತು, ಮುಂದೆ ಮಾಂಜ್ರಾ ಸೇರುತ್ತದೆ. ಅದೇ ಮಾಂಜ್ರಾ ಬೀದರ್ ದಾಟಿ ಮತ್ತೆ ತೆಲಂಗಾಣಕ್ಕೆ ಬಂದು, ನಾರಾಯಣಖೇಡ ಸೀಮೆಯ ಪಕ್ಕದಲ್ಲೇ ಹರಿದು ಸಿಂಗೂರು ಜಲಾಶಯ ತುಂಬುತ್ತದೆ. ಅತ್ತ ಅನಂತಗಿರಿ ಗುಡ್ಡದ ಕಾಗ್ನಾ ತಾಂಡೂರಿಗೆ ನೀರು ಕೊಟ್ಟು, ಗಡಿ ದಾಟಿದ ಮೇಲೆ ಕಾಗಿಣಾ ಅಂತ ಹೆಸರು ಬದಲಿಸಿಕೊಂಡು, ಮಳಖೇಡದ ಕೋಟೆ ಹಾಯ್ದು ಶಹಾಬಾದ್ ಬಳಿ ಭೀಮೆಗೆ ಕೂಡುತ್ತದೆ.

ಅಂದರೆ ಜಹೀರಾಬಾದ್ ಕಡೆಯ ನೀರು ಬೀದರ್‌ಗೆ, ಬೀದರ್ ನೀರು ನಾರಾಯಣಖೇಡಕ್ಕೆ, ತಾಂಡೂರಿನ ನೀರು ಸೇಡಂಗೆ. ಮೇಲಿನವರು ಬಿಟ್ಟಿದ್ದನ್ನು ಕೆಳಗಿನವರು ಕುಡಿಯಬೇಕು. ಈ ಮೂರೂ ತಾಲ್ಲೂಕುಗಳ ಕನ್ನಡ ಮನೆಗಳಿಗೆ ಇದು ಹೊಸ ಮಾತಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದ್, ಗುಲ್ಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಕ್ಕೆ ಹೋದವು. 2014ರಲ್ಲಿ ತೆಲಂಗಾಣ ಆಯಿತು, 2016ರಲ್ಲಿ ಜಿಲ್ಲೆಗಳ ಹೆಸರೂ ಬದಲಾಗಿ ಸಂಗಾರೆಡ್ಡಿ, ವಿಕಾರಾಬಾದ್ ಬಂದವು. ನೀರು ಮಾತ್ರ ಹಳೇ ದಾರಿಯಲ್ಲೇ ಹರಿಯುತ್ತಿದೆ.

ಈಗ ಆ ನೀರಿನ ಮೇಲೆ ಹೊರೆ ಹೆಚ್ಚುತ್ತಿದೆ. ತಾಂಡೂರಿನಲ್ಲಿ ಸಿಮೆಂಟ್ ಕಾರ್ಖಾನೆಗಳು, ಕಲ್ಲು ಪಾಲಿಶ್ ಘಟಕಗಳು. ಜಹೀರಾಬಾದ್ ಸುತ್ತ ಕಬ್ಬು, ಸಕ್ಕರೆ, ಕೈಗಾರಿಕೆ. ಬೀದರ್ ಹೊರವಲಯದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಘಟಕಗಳು. ಜಹೀರಾಬಾದ್‌ನಲ್ಲಿ ಕೈಗಾರಿಕಾ ಸ್ಮಾರ್ಟ್ ಸಿಟಿಗೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಇಂಥ ಕಡೆ ನೀರಿನಲ್ಲಿ ಏನು ಬೆರೆಯುತ್ತಿದೆ ಅಂತ ತಿಂಗಳಿಗೊಮ್ಮೆ ಬಾಟಲಿ ತುಂಬಿಕೊಂಡು ಹೋಗಿ ನೋಡಿದರೆ ಸಾಲದು. ರಾತ್ರಿ ಎರಡು ಗಂಟೆಗೆ ಬಿಟ್ಟ ನೀರು ಬೆಳಗಾಗುವುದರೊಳಗೆ ಮುಂದಿನ ರಾಜ್ಯ ಸೇರಿರುತ್ತದೆ. ಅದಕ್ಕೇ ಹೊಳೆಯಲ್ಲೇ, ಕಾಲುವೆಯಲ್ಲೇ, ಟಾಕಿಯಲ್ಲೇ ಹಗಲು ರಾತ್ರಿ ಕೂತು ಲೆಕ್ಕ ಕೊಡುವ ಸೆನ್ಸರ್ ಬೇಕು ಎಂಬ ಮಾತು ಬಂದಿದೆ.

ಮಾತು ಸರಿ. ಆದರೆ ಒಂದು ತೊಡಕಿದೆ. ನೀರಿನ ಕೊಳೆ ನೋಡಲು ಇಳಿಸಿದ ಮೀಟರಿಗೇ ಮೊದಲು ಕೊಳೆ ಹತ್ತುತ್ತದೆ.

ಏನಿದು ಸೆನ್ಸರ್?

ಇಂಥ ಸೆನ್ಸರ್‌ಗಳಲ್ಲಿ ಹೆಚ್ಚಿನವು ‘ಎಲೆಕ್ಟ್ರೋಕೆಮಿಕಲ್’ ಜಾತಿಯವು. ಹೆಸರು ಉದ್ದ, ಕೆಲಸ ಸರಳ. ನೀರಿನಲ್ಲಿರುವ ವಸ್ತು ಒಂದು ಸಣ್ಣ ಲೋಹದ ಅಥವಾ ಗಾಜಿನ ಮುಖಕ್ಕೆ ತಾಕಿದಾಗ ಅಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ ಅಳೆದರೆ ವಸ್ತು ಎಷ್ಟಿದೆ ಅಂತ ತಿಳಿಯುತ್ತದೆ. ಮನೆಯಲ್ಲಿ ಶುಗರ್ ನೋಡುವ ಮೀಟರ್ ಕೂಡ ಇದೇ ಜಾತಿಯದು. ಅಲ್ಲಿ ರಕ್ತದ ಹನಿ, ಇಲ್ಲಿ ಹೊಳೆ ನೀರು.

ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಪಿಎಚ್ ಮೀಟರಿಗೆ ಗಾಜಿನ ಮುಖ. ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೆ ಅಲ್ಲಿ ಆಗುವ ಬದಲಾವಣೆ ಬರೀ 59 ಮಿಲಿವೋಲ್ಟ್, ಅಂದರೆ ಟಾರ್ಚಿನ ಒಂದು ಸೆಲ್ಲಿನ ಶಕ್ತಿಯಲ್ಲಿ ಇಪ್ಪತ್ತೈದನೇ ಒಂದು ಪಾಲು. ಫ್ಲೋರೈಡ್ ನೋಡುವ ಮೀಟರಿಗೆ ಲ್ಯಾಂಥನಮ್ ಫ್ಲೋರೈಡ್ ಹರಳಿನ ಮುಖ. 1966ರಲ್ಲಿ ಅಮೆರಿಕದಲ್ಲಿ ಬಂದ ಈ ವಿಧಾನ ಇವತ್ತಿಗೂ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ನಲ್ಲಿ ನೀರಿನ ಕ್ಲೋರಿನ್, ಹೊಳೆ ನೀರಿನಲ್ಲಿ ಕರಗಿದ ಆಮ್ಲಜನಕ, ಇವನ್ನೂ ಇದೇ ರೀತಿ ಅಳೆಯುತ್ತಾರೆ.

ಅಳತೆಗೆ ತಾಳೆ ನೋಡಲು ದೇಶದ ಕುಡಿಯುವ ನೀರಿನ ಮಾನದಂಡ ಇದೆ. ಅದರ ಪ್ರಕಾರ ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ನಡೆಯುತ್ತದೆ. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ನಲ್ಲಿಯಲ್ಲಿ ಕ್ಲೋರಿನ್ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಇಷ್ಟು ಸಣ್ಣ ಅಂಕಿಗಳಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆದರೂ ‘ಕುಡಿಯಬಹುದು’ ಎಂಬುದು ‘ಕುಡಿಯಬಾರದು’ ಆಗುತ್ತದೆ.

ಸುಳ್ಳು ಹೇಳುವ ಕಾಟಾ

ಕಬ್ಬಿನ ಗಾಡಿ ಕಾಟಾ ಮೇಲೆ ನಿಲ್ಲಿಸುವ ರೈತನಿಗೆ, ತಾಂಡೂರು ಬಜಾರಿಗೆ ತೊಗರಿ ತರುವವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕೆಟ್ಟು ನಿಂತ ಕಾಟಾಕ್ಕಿಂತ ತಪ್ಪು ತೋರಿಸುವ ಕಾಟಾ ಅಪಾಯ. ಕೆಟ್ಟಿದ್ದು ಕಣ್ಣಿಗೆ ಕಾಣುತ್ತದೆ, ತಪ್ಪಿದ್ದು ಕಾಣುವುದಿಲ್ಲ. ನೀರಿನ ಸೆನ್ಸರ್ ಕಥೆಯೂ ಇದೇ. ಮುಖಕ್ಕೆ ಕೊಳೆ ಹತ್ತಿದ ಸೆನ್ಸರ್ ಒಮ್ಮೆಲೇ ಬಂದ್ ಆಗುವುದಿಲ್ಲ. ಅಂಕಿ ಕೊಡುತ್ತಲೇ ಇರುತ್ತದೆ, ಆದರೆ ಆ ಅಂಕಿ ನೀರಿನದಲ್ಲ, ಕೊಳೆಯದು.

ಪಿಎಚ್ ಗಾಜಿನ ಮೇಲೆ ಪದರ ಕೂತರೆ ಅದು ನಿಧಾನವಾಗುತ್ತದೆ. ಕಾರ್ಖಾನೆಯಿಂದ ಒಂದರ್ಧ ತಾಸು ಹುಳಿ ನೀರು ಹರಿದು ಹೋದರೂ ಮೀಟರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ನೀರು ಮುಂದೆ ಹೋಗಿರುತ್ತದೆ. ಆಮ್ಲಜನಕದ ಸೆನ್ಸರ್ ಮೇಲೆ ಸೂಕ್ಷ್ಮಜೀವಿಗಳ ಲೋಳೆ ಕಟ್ಟಿದರೆ ಆ ಜೀವಿಗಳೇ ಆಮ್ಲಜನಕ ಹೀರಿಕೊಳ್ಳುತ್ತವೆ. ಹೊಳೆ ಚೆನ್ನಾಗಿದ್ದರೂ ಮೀಟರ್ ‘ಹೊಳೆ ಸಾಯುತ್ತಿದೆ’ ಎನ್ನುತ್ತದೆ. ಟಾಕಿಯಲ್ಲಿನ ಕ್ಲೋರಿನ್ ಸೆನ್ಸರಿಗೆ ಕೊಳೆ ಹತ್ತಿದರೆ ಕ್ಲೋರಿನ್ ಕಡಿಮೆ ಅಂತ ತೋರಿಸುತ್ತದೆ. ಅದನ್ನು ನಂಬಿ ಯಂತ್ರ ಮತ್ತಷ್ಟು ಸುರಿಯುತ್ತದೆ. ಹೀಗೆ ನಾಲ್ಕು ಸಲ ಆದ ಮೇಲೆ ಜನ ಮೀಟರನ್ನೇ ನಂಬುವುದು ಬಿಡುತ್ತಾರೆ. ನಿಜವಾದ ಅಪಾಯ ಬಂದ ದಿನ ಅದರ ಮಾತು ಯಾರೂ ಕೇಳುವುದಿಲ್ಲ.

ಕಲುಷಿತ ನೀರು ಎಂದರೆ ಏನು ಎಂಬುದನ್ನು ಈ ಭಾಗ ದೂರದಿಂದ ಕಂಡಿಲ್ಲ. 2022ರ ಮೇ ಕೊನೆ, ಜೂನ್ ಮೊದಲ ದಿನಗಳಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಕೆಲವರು ಜೀವ ಕಳೆದುಕೊಂಡರು.

ನಮ್ಮ ಕಡೆಯ ಮೂರು ಶತ್ರು

ಈ ಸೀಮೆಯಲ್ಲಿ ಸೆನ್ಸರಿಗೆ ಮೂರು ಶತ್ರುಗಳು. ಮೊದಲನೆಯದು ಎರೆ ಮಣ್ಣು. ಮಳೆಗಾಲದ ಮೊದಲ ನೀರಿಗೆ ಮಾಂಜ್ರಾ, ಕಾಗ್ನಾ ಎರಡೂ ಕೆಂಪು ಕಪ್ಪು ಬೆರೆತು ಬರುತ್ತವೆ. ಆ ಸಣ್ಣ ಮಣ್ಣು ಸೆನ್ಸರಿನ ಸಂದುಗಳಲ್ಲಿ ಮೆತ್ತಿಕೊಳ್ಳುತ್ತದೆ.

ಎರಡನೆಯದು ಪಾಚಿ. ಕನ್ನಡದವರ ಪಾಚಿ, ಮರಾಠಿಯವರ ಶೇವಾಳ, ತೆಲುಗಿನವರ ನಾಚು. ಹೆಸರು ಮೂರು, ಜಾರುವುದು ಒಂದೇ ರೀತಿ. ನಿಂತ ನೀರು, ಹೊಲದಿಂದ ಹರಿದ ಗೊಬ್ಬರ, ಬಿಸಿಲು, ಇವು ಮೂರೂ ಕೂಡಿದರೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ.

ಮೂರನೆಯದು ಸುಣ್ಣ. ತಾಂಡೂರಿನಿಂದ ಶಹಾಬಾದ್ ತನಕ ನೆಲದಡಿ ಸುಣ್ಣದ ಕಲ್ಲೇ ಹಾಸಿದೆ. ಸ್ನಾನದ ಹಂಡೆಯೊಳಗೆ, ನೀರು ಕಾಯಿಸುವ ರಾಡಿನ ಮೇಲೆ ಕಟ್ಟುವ ಬಿಳಿ ಪದರ ಎಲ್ಲರ ಮನೆಯಲ್ಲೂ ಉಂಟು. ಅದೇ ಪದರ ಸೆನ್ಸರಿನ ಮುಖಕ್ಕೂ ಕಟ್ಟುತ್ತದೆ. ಪಾಲಿಶ್ ಘಟಕಗಳ ಕಲ್ಲಿನ ಹಿಟ್ಟು ಹಳ್ಳಕ್ಕೆ ಬಂದರೆ ಕೇಳುವುದೇ ಬೇಡ.

ಇದರ ಮೇಲೆ ಬೇಸಿಗೆ. ಹೊಳೆ ಬತ್ತಿ ಸೆನ್ಸರ್ ಗಾಳಿಗೆ ಬಿದ್ದರೆ ಪಿಎಚ್ ಗಾಜು ಒಣಗಿ ಹಾಳಾಗುತ್ತದೆ. ಅದಕ್ಕೆ ಸದಾ ಒದ್ದೆ ಇರಬೇಕು. 2016ರಲ್ಲಿ ಮೇಲ್ಗಡೆಯ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ನೀರು ತಂದ ವರ್ಷವನ್ನು ಮಾಂಜ್ರಾ ದಂಡೆಯವರು ಮರೆತಿಲ್ಲ. ಇಂಥ ನದಿಗೆ ಮೀಟರ್ ಕೂರಿಸುವವರು ತುಂಬಿದ ಹೊಳೆ ನೋಡಿ ಜಾಗ ಆರಿಸಿದರೆ ಆಗದು.

ಮುಖ ತೊಳೆದುಕೊಳ್ಳುವ ವಿದ್ಯೆ

ಕೊಳೆಯ ತಾಪತ್ರಯ ಸೆನ್ಸರ್ ಹುಟ್ಟಿದಷ್ಟೇ ಹಳೆಯದು. 1922ರಲ್ಲಿ ಪ್ರಾಗ್ ನಗರದ ವಿಜ್ಞಾನಿ ಯಾರೊಸ್ಲಾವ್ ಹೈರೊವ್‌ಸ್ಕಿ ಇದಕ್ಕೆ ಒಂದು ಜಾಣ ಉಪಾಯ ಹೂಡಿದರು. ಸಣ್ಣ ನಳಿಕೆಯಿಂದ ಪಾದರಸ ಹನಿ ಹನಿಯಾಗಿ ಬೀಳುತ್ತದೆ, ಪ್ರತಿ ಹನಿಯೂ ಒಂದು ಹೊಸ ಮುಖ. ಕೊಳೆ ಹತ್ತುವಷ್ಟರಲ್ಲಿ ಹಳೇ ಹನಿ ಉದುರಿ ಹೊಸದು ಬರುತ್ತದೆ. ಈ ಕೆಲಸಕ್ಕೆ 1959ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಪಾದರಸ ವಿಷ, ಕುಡಿಯುವ ಹೊಳೆಗೆ ಇಳಿಸುವ ವಸ್ತುವಲ್ಲ.

ಅಮೆರಿಕದ ಲೆಲಂಡ್ ಕ್ಲಾರ್ಕ್ ಬೇರೆ ದಾರಿ ಹಿಡಿದರು. ರಕ್ತದಲ್ಲಿನ ಆಮ್ಲಜನಕ ಅಳೆಯಲು ಹೋದರೆ ಬರೀ ಲೋಹಕ್ಕೆ ರಕ್ತದ ಅಂಶಗಳು ಮೆತ್ತುತ್ತಿದ್ದವು. ಅವರು ಲೋಹಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಆಮ್ಲಜನಕ ಒಳಗೆ, ಕೊಳೆ ಹೊರಗೆ. 1956ರಲ್ಲಿ ಪ್ರಕಟವಾದ ಈ ವಿಧಾನವೇ ಮುಂದೆ ಹೊಳೆ, ಕೆರೆಗಳ ಆಮ್ಲಜನಕ ಮೀಟರಿಗೂ ದಾರಿಯಾಯಿತು. ಆದರೆ ಹಾಳೆಯ ಹೊರಮೈಗೂ ಪಾಚಿ ಹತ್ತುವುದು ತಪ್ಪಲಿಲ್ಲ. ಶುಗರ್ ಮೀಟರಿನವರು ಇನ್ನೂ ಸುಲಭದ ದಾರಿ ಕಂಡರು: ಒಮ್ಮೆ ಬಳಸಿದ ಪಟ್ಟಿ ಎಸೆದುಬಿಡುವುದು. ಹೊಳೆಯಲ್ಲಿ ಹದಿನೈದು ನಿಮಿಷಕ್ಕೊಂದು ಪಟ್ಟಿ ಬದಲಿಸಲು ಯಾರು ಕೂರಬೇಕು?

ಹಾಗಾಗಿ ತಾನೇ ಶುಚಿಯಾಗುವ ಸೆನ್ಸರ್‌ಗಳು ಬಂದವು. ಅವುಗಳಲ್ಲಿ ಮುಖ್ಯ ದಾರಿಗಳು ಇವು:

* ಒರೆಸುವುದು: ಬಸ್ಸಿನ ಗಾಜಿನ ವೈಪರ್ ಇದ್ದ ಹಾಗೆ ಸಣ್ಣ ಬ್ರಷ್ ಅಥವಾ ರಬ್ಬರ್ ಪಟ್ಟಿ ಪ್ರತಿ ಅಳತೆಗೆ ಮುಂಚೆ ಮುಖ ಒರೆಸುತ್ತದೆ. ಪಾಚಿಗೆ ಒಳ್ಳೆಯ ಮದ್ದು. ಮಣ್ಣು ಸಿಕ್ಕಿಕೊಂಡರೆ ಮೋಟರ್ ಹಿಡಿಯುತ್ತದೆ, ಹರಳು ಮರಳು ಇದ್ದರೆ ಮುಖಕ್ಕೆ ಗೀರು ಬೀಳುತ್ತದೆ.

* ಗಾಳಿ ಊದುವುದು: ಕಂಪ್ರೆಸರ್‌ನಿಂದ ಆಗಾಗ ಗಾಳಿಯ ಹೊಡೆತ. ಕಾರ್ಖಾನೆಗಳ ತ್ಯಾಜ್ಯ ನೀರಿಗೆ ಇದು ಅನುಕೂಲ. ಕರೆಂಟ್ ಬೇಕು, ಹಾಗಾಗಿ ಸೋಲಾರ್ ಹಲಗೆಯೊಂದನ್ನೇ ನಂಬಿದ ಹೊಳೆದಂಡೆಗೆ ಭಾರ.

* ತಾಮ್ರ: ತಾಮ್ರದ ಮೇಲೆ ಪಾಚಿ ಬೇಗ ಹತ್ತುವುದಿಲ್ಲ. ಸೆನ್ಸರಿನ ಸುತ್ತ ತಾಮ್ರದ ಕವಚ ಹಾಕುತ್ತಾರೆ. ಹದಿನೆಂಟನೇ ಶತಮಾನದಲ್ಲೇ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು.

* ವಿದ್ಯುತ್ ಹೊಡೆತ: ಅಳತೆ ಮುಗಿದ ಕೂಡಲೇ ಎಲೆಕ್ಟ್ರೋಡಿಗೆ ಕ್ಷಣಕಾಲ ಹೆಚ್ಚು ವೋಲ್ಟ್ ಕೊಟ್ಟು ಅಂಟಿದ ಕೊಳೆಯನ್ನು ಸುಟ್ಟು, ಮತ್ತೆ ಉಲ್ಟಾ ವೋಲ್ಟ್ ಕೊಟ್ಟು ಲೋಹವನ್ನು ಮೊದಲಿನಂತೆ ಮಾಡುವುದು. 1980ರ ದಶಕದಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಡೆನ್ನಿಸ್ ಜಾನ್ಸನ್ ಅವರ ತಂಡ ಚಿನ್ನ, ಪ್ಲಾಟಿನಮ್ ಎಲೆಕ್ಟ್ರೋಡುಗಳಲ್ಲಿ ಇದನ್ನು ಬೆಳೆಸಿತು. ಇದರಲ್ಲಿ ಅಲುಗಾಡುವ ಭಾಗವೇ ಇಲ್ಲ.

* ವಜ್ರದ ಮುಖ: ಬೋರಾನ್ ಬೆರೆಸಿ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಪದರ ವಿದ್ಯುತ್ ಹರಿಸುತ್ತದೆ, ಕೊಳೆ ಸುಲಭಕ್ಕೆ ಅಂಟುವುದಿಲ್ಲ, ಹೆಚ್ಚು ವೋಲ್ಟ್ ತಡೆಯುತ್ತದೆ. ಬೆಲೆಯೂ ಹೆಚ್ಚು.

ಉಪ್ಪಿನಂಶ ಇರುವ ನೀರಾದರೆ ಸೆನ್ಸರಿನ ಪಕ್ಕದಲ್ಲೇ ವಿದ್ಯುತ್‌ನಿಂದ ಚೂರು ಕ್ಲೋರಿನ್ ಹುಟ್ಟಿಸಿ ಪಾಚಿ ಕೊಲ್ಲುವ ವಿಧಾನವೂ ಇದೆ. ಆದರೆ ಆ ಕ್ಲೋರಿನ್ ಹರಿದು ಹೋಗುವ ತನಕ ಅಳತೆ ತೆಗೆಯುವಂತಿಲ್ಲ. ತೆಗೆದರೆ ಮೀಟರ್ ತನ್ನ ಸೋಪಿನ ಲೆಕ್ಕವನ್ನೇ ಹೊಳೆಯ ಲೆಕ್ಕ ಅಂತ ಬರೆಯುತ್ತದೆ.

ತೊಳೆದರೂ ಹೋಗದ ತಪ್ಪು

‘ತಾನೇ ಶುಚಿಯಾಗುತ್ತದೆ’ ಎಂಬ ಬೋರ್ಡ್ ನೋಡಿ ಪಂಚಾಯಿತಿಯವರು, ಇಲಾಖೆಯವರು ಕೈ ತೊಳೆದುಕೊಂಡರೆ ಕಷ್ಟ. ಸೆನ್ಸರಿನ ಮುಖ ಶುಚಿ ಇದ್ದರೂ ಒಳಗಿನ ದ್ರಾವಣ ದಿನ ಕಳೆದಂತೆ ಸವೆಯುತ್ತದೆ, ಅಂಕಿ ನಿಧಾನಕ್ಕೆ ಜಾರುತ್ತದೆ. ಅದಕ್ಕೆ ಪಿಎಚ್ 4, 7, 10 ಎಂದು ಗೊತ್ತಿರುವ ದ್ರಾವಣದಲ್ಲಿ ಅದ್ದಿ ತಾಳೆ ನೋಡಲೇಬೇಕು. ಅಂಗಡಿಯ ತೂಕಕ್ಕೆ ಇಲಾಖೆಯ ಮುದ್ರೆ ಹೇಗೋ ಇದಕ್ಕೂ ಹಾಗೆ. ವ್ಯತ್ಯಾಸ ಏನೆಂದರೆ ತೂಕದ ಮುದ್ರೆ ವರ್ಷಗಟ್ಟಲೆ ನಡೆಯುತ್ತದೆ, ಹೊಳೆಯ ಮೀಟರಿಗೆ ವಾರಗಳ ಲೆಕ್ಕ.

ಇನ್ನೊಂದು ಮಿತಿಯೂ ಇದೆ. ಮೀಟರ್ ತನಗೆ ಕಲಿಸಿದ್ದನ್ನಷ್ಟೇ ನೋಡುತ್ತದೆ. 2007ರಲ್ಲಿ ಸ್ವೀಡನ್ ವಿಜ್ಞಾನಿಗಳು ಇದೇ ಸಂಗಾರೆಡ್ಡಿ ಜಿಲ್ಲೆಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರು ಶುದ್ಧ ಮಾಡುವ ಸಾಮೂಹಿಕ ಘಟಕದಿಂದ ಹೊರಬಂದ ನೀರು ಪರೀಕ್ಷಿಸಿದಾಗ, ಸಿಪ್ರೊಫ್ಲಾಕ್ಸಾಸಿನ್ ಎಂಬ ಔಷಧ ಲೀಟರಿಗೆ 31 ಮಿಲಿಗ್ರಾಂ ತನಕ ಸಿಕ್ಕಿತ್ತು. ಪಿಎಚ್ ಮೀಟರ್ ಎಷ್ಟೇ ಶುಚಿಯಾಗಿದ್ದರೂ ಇಂಥದ್ದನ್ನು ಹಿಡಿಯದು. ರೋಗಾಣುಗಳನ್ನೂ ನೇರವಾಗಿ ಹಿಡಿಯದು. ಬಾಟಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸುವ ಕೆಲಸ ನಿಲ್ಲಿಸುವ ಹಾಗಿಲ್ಲ. ಅಲ್ಲಿ ತಜ್ಞರಿಗೆ ಯಾವಾಗ ಬಾಟಲಿ ತುಂಬಬೇಕು ಅಂತ ಹೇಳುವ ಕಾವಲುಗಾರ ಈ ಮೀಟರ್, ಅಷ್ಟೇ.

ಆದೇಶ ಇದೆ, ಕಾಣುವುದು ಯಾರಿಗೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರ ಫೆಬ್ರುವರಿಯಲ್ಲೇ, ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಕೈಗಾರಿಕೆಗಳು ತಮ್ಮ ಹೊಗೆ, ನೀರಿಗೆ ಇಪ್ಪತ್ನಾಲ್ಕು ತಾಸಿನ ಆನ್‌ಲೈನ್ ಮೀಟರ್ ಹಾಕಬೇಕು ಎಂದು ಸೂಚಿಸಿತು. ಆ 17ರಲ್ಲಿ ಸಿಮೆಂಟ್, ಸಕ್ಕರೆ, ಔಷಧ ಮೂರೂ ಇವೆ. ಅಂದರೆ ತಾಂಡೂರು, ಜಹೀರಾಬಾದ್, ಬೀದರ್ ಮೂರಕ್ಕೂ ಅದು ತಾಗುತ್ತದೆ.

ಕುಡಿಯುವ ನೀರಿನ ಕಡೆ, 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಅಡಿ 2020ರಲ್ಲಿ ಮಹಾರಾಷ್ಟ್ರವೂ ಸೇರಿ ಐದು ರಾಜ್ಯಗಳ 15 ಹಳ್ಳಿಗಳಲ್ಲಿ ಟಾಟಾ ಸಂಸ್ಥೆಗಳ ಜೊತೆ ಸೆನ್ಸರ್ ಪ್ರಯೋಗ ನಡೆಯಿತು. ಕ್ಲೋರಿನ್ ಮೀಟರ್ ಕೂಡ ಅದರಲ್ಲಿತ್ತು. ಅದೇ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕು. ನದಿಯ ಮೇಲೆ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳು ಮಾಂಜ್ರಾಕ್ಕೆ ಸಾಯಗಾಂವ್‌ನಲ್ಲಿ, ಕಾಗ್ನಾಕ್ಕೆ ಜೀವಂಗಿ ಮತ್ತು ಮಳಖೇಡದಲ್ಲಿ ಸ್ಥಾಪನೆಯಾಗಿವೆ.

ಹೀಗೆ ಅಳೆಯುವ ಕೈಗಳು ಹಲವು. ಕೊರತೆ ಇರುವುದು ತಾಳೆ ನೋಡುವುದರಲ್ಲಿ. ಕಾರ್ಖಾನೆಯ ಮೀಟರ್ ಒಂದು ಹೇಳಿದರೆ, ಹೊಳೆಯ ಮೀಟರ್ ಇನ್ನೊಂದು ಹೇಳಿದರೆ, ಹಳ್ಳಿಯ ಹೆಣ್ಣುಮಕ್ಕಳ ಕಿಟ್ ಮತ್ತೊಂದು ಬಣ್ಣ ತೋರಿಸಿದರೆ, ಯಾವ ಮುಖಕ್ಕೆ ಕೊಳೆ ಹತ್ತಿದೆ ಅಂತ ಗೊತ್ತಾಗುವುದು ಮೂರನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ. ಅಂಗಡಿಯ ರೋಕಡಿ ಪುಸ್ತಕವನ್ನು ಬ್ಯಾಂಕಿನ ಪಾಸ್‌ಬುಕ್ ಜೊತೆ ತಾಳೆ ನೋಡುವ ಹಾಗೆ.

ಊರಿನವರು ಕೇಳಬಹುದಾದ ಪ್ರಶ್ನೆ

ತಮ್ಮ ಊರಿನ ಟಾಕಿಗೋ ಹಳ್ಳಕ್ಕೋ ಮೀಟರ್ ಬಂದರೆ ಜನ ವಿಜ್ಞಾನ ಓದಬೇಕಿಲ್ಲ. ನಾಲ್ಕು ಪ್ರಶ್ನೆ ಸಾಕು. ಇದು ಯಾವ ರೀತಿ ಶುಚಿಯಾಗುತ್ತದೆ, ವೈಪರ್‌ನಿಂದಲೋ ಗಾಳಿಯಿಂದಲೋ ವಿದ್ಯುತ್‌ನಿಂದಲೋ? ಕೊನೆಗೆ ತಾಳೆ ನೋಡಿದ್ದು ಯಾವ ತಾರೀಖು, ಆಗ ಅಂಕಿ ಎಷ್ಟು ತಪ್ಪಿತ್ತು? ಹೊಳೆ ಬತ್ತಿದಾಗ ಇದನ್ನು ಎತ್ತಿಡುವವರು ಯಾರು? ಅಂಕಿ ಕೆಟ್ಟರೆ ಮೊದಲ ಫೋನ್ ಯಾರಿಗೆ ಹೋಗುತ್ತದೆ?

ಕೊನೆಯ ಪ್ರಶ್ನೆಯಲ್ಲೇ ಗಡಿ ಅಡ್ಡ ಬರುವುದು. ಸಾಯಗಾಂವ್ ಕೆಳಗೆ ನೀರು ಕೆಟ್ಟರೆ ಫೋನ್ ಬೆಂಗಳೂರಿಗೆ ಹೋಗಿ ನಾರಾಯಣಖೇಡದ ಪಂಪ್‌ಹೌಸಿಗೆ ಸುದ್ದಿ ಬರದಿದ್ದರೆ ಏನು ಬಂತು? ತಾಂಡೂರು ಕೆಳಗೆ ಕೆಟ್ಟರೆ ಹೈದರಾಬಾದಿಗೆ ತಿಳಿದು ಸೇಡಂಗೆ ತಿಳಿಯದಿದ್ದರೆ? ಮದುವೆ, ಜಾತ್ರೆ, ಆಸ್ಪತ್ರೆ, ಬಜಾರು ಎಲ್ಲದಕ್ಕೂ ಗಡಿಯ ಎರಡೂ ಬದಿ ಓಡಾಡುವ ಮನೆಗಳಿವು. ಮಗಳು ಬೀದರ್‌ನಲ್ಲಿ, ತವರು ನಾರಾಯಣಖೇಡದಲ್ಲಿ. ಆಚೆ ಈಚೆ ಎರಡೂ ಮನೆಯ ಕೊಡಕ್ಕೆ ಬರುವುದು ಒಂದೇ ನದಿ.

ಬೀದರ್, ಕಲಬುರಗಿ, ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲಾಡಳಿತಗಳು ಕೂಡಿ ಕೂತು ಮೊದಲು ಮಾಡಬಹುದಾದ ಕೆಲಸ ಸಣ್ಣದು. ಗಡಿಯ ಮೀಟರ್‌ಗಳ ಅಂಕಿ, ಅವುಗಳನ್ನು ತೊಳೆದ ಮತ್ತು ತಾಳೆ ನೋಡಿದ ತಾರೀಖು, ಎರಡನ್ನೂ ಕನ್ನಡ, ತೆಲುಗು ಎರಡರಲ್ಲೂ ಎರಡೂ ಬದಿಯ ಪಂಚಾಯಿತಿ ಗೋಡೆಗೆ ಬರೆಸುವುದು. ಅಂಕಿಯ ಪಕ್ಕದಲ್ಲಿ ತಾರೀಖು ಇಲ್ಲದಿದ್ದರೆ ಆ ಅಂಕಿ ನಂಬಬೇಡಿ ಅಂತ ಜನರಿಗೆ ಹೇಳಿಕೊಡುವುದು. ಮುಂಗಾರಿನ ಮೊದಲ ಕೆಂಪು ನೀರು ಬರುವ ಮುಂಚೆ ಇಷ್ಟಾದರೂ ಆಗಬೇಕಿದೆ.